ಸೀಟ್ ಬೆಲ್ಟ್ ಬೀಪ್ ನಿಲ್ಲಿಸಲು ಬಕಲ್ ವೈರ್ ಸೇರಿಸಿಬಿಡಬಹುದಾ?

ಪ್ರಶ್ನೆ: ಸರ್, ನನ್ನ ಕಾರಿನ ಸೀಟ್ ಬೆಲ್ಟ್ ಬೀಪ್ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಪಕ್ಕದ ಸೀಟಿನಲ್ಲಿ ಬರೀ ಬ್ಯಾಗ್ ಇಟ್ಟರೂ ಕೂಗುತ್ತದೆ. ಇತ್ತೀಚೆಗೆ ನಾನು ಬೆಲ್ಟ್ ಹಾಕಿಕೊಂಡಿದ್ದಾಗಲೂ ಆಗಾಗ ಶುರುವಾಗುತ್ತದೆ. ಗೇಟ್ ತೆಗೆಯಲು ಇಳಿದು ಹತ್ತುವಾಗಲಂತೂ ಹೇಳುವುದೇ ಬೇಡ. ನನಗೆ ಸೋಲ್ಡರಿಂಗ್ ಬರುತ್ತದೆ, ಮಲ್ಟಿಮೀಟರ್ ಇದೆ. ಬಕಲ್‌ನಿಂದ ಸೀಟಿನ ಕೆಳಗೆ ಬರುವ ಎರಡು ವೈರ್ ಸೇರಿಸಿಬಿಟ್ಟರೆ ಸಾಕು ಅಂತ ಗೆಳೆಯ ಹೇಳಿದ. ಮಾಡಬಹುದಾ? ಅದು ಬೇಡವಾದರೆ ಸದ್ದನ್ನಾದರೂ ಮೆತ್ತಗೆ ಮಾಡಲು ಆಗುತ್ತಾ? ಇನ್ನೊಂದು ವಿಷಯ, ಅಪ್ಪನ ಹಳೇ ಕಾರಿನಲ್ಲಿ ಬೀಪೇ ಇಲ್ಲ, ಅವರು ಬೆಲ್ಟ್ ಮರೆಯುತ್ತಾರೆ. ಅದಕ್ಕೆ ಒಂದು ಬೀಪ್ ನಾನೇ ಕೂರಿಸಬಹುದಾ?

ಉತ್ತರ:

ಆ ಎರಡು ವೈರ್ ಸೇರಿಸಬೇಡಿ. ಉಳಿದ ಎಲ್ಲದಕ್ಕೂ ದಾರಿ ಇದೆ, ಒಂದೊಂದಾಗಿ ಹೇಳುತ್ತೇನೆ. ಆದರೆ ಯಾಕೆ ಬೇಡ ಅನ್ನುವುದನ್ನು ಮೊದಲು ಪೂರ್ತಿ ಬಿಡಿಸಿ ಹೇಳಬೇಕು. ಸೋಲ್ಡರಿಂಗ್ ಬರುವವರಿಗೆ ಸುಮ್ನೆ "ಬೇಡ" ಅಂದರೆ ಕೈ ಕೇಳುವುದಿಲ್ಲ, ನನಗೆ ಗೊತ್ತು.

ನಿಮ್ಮ ಗೆಳೆಯ ಹೇಳಿದ್ದು ಒಂದು ಕಾಲದ ಗಾಡಿಗಳಿಗೆ ಸರಿ. ಆಗ ಬಕಲ್ ಒಳಗೆ ಒಂದು ಪುಟ್ಟ ಸ್ವಿಚ್ ಇರುತ್ತಿತ್ತು, ಅಲ್ಲಿಂದ ವೈರ್ ನೇರವಾಗಿ ಒಂದು ಬಜರ್‌ಗೆ ಹೋಗುತ್ತಿತ್ತು, ಅಷ್ಟೇ. ಸ್ವಿಚ್ ಅನ್ನು ಏಮಾರಿಸಿದರೆ ಬಜರ್ ಮಾತ್ರ ಏಮಾರುತ್ತಿತ್ತು. ಈಗಿನ ಬಹಳಷ್ಟು ಕಾರುಗಳಲ್ಲಿ ಬಕಲ್‌ನ ವೈರ್ ಮೊದಲು ಹೋಗುವುದು ಏರ್‌ಬ್ಯಾಗ್ ಕಂಪ್ಯೂಟರ್‌ಗೆ. ಅದು ಸಾಮಾನ್ಯವಾಗಿ ಗೇರ್ ಲಿವರ್ ಆಸುಪಾಸಿನಲ್ಲಿ ನೆಲಕ್ಕೆ ಬಿಗಿದಿರುವ ಒಂದು ಲೋಹದ ಡಬ್ಬಿ. ಬೆಲ್ಟ್ ಹಾಕಿದ್ದಾರಾ ಇಲ್ಲವಾ ಎಂದು ಮೊದಲು ತಿಳಿದುಕೊಳ್ಳುವುದು ಅದೇ. ಅಲ್ಲಿಂದ ಡೇಟಾ ಲೈನ್ ಮೂಲಕ ಮೀಟರ್ ಬೋರ್ಡ್‌ಗೆ ಸುದ್ದಿ ಹೋಗುತ್ತದೆ. ಮೀಟರ್ ಬೋರ್ಡ್ ಗಾಡಿಯ ವೇಗ ನೋಡುತ್ತದೆ, ಪಕ್ಕದ ಸೀಟಿನಲ್ಲಿ ತೂಕ ಇದೆಯಾ ನೋಡುತ್ತದೆ, ಆಮೇಲೆ ಕೂಗುತ್ತದೆ. ಬೀಪ್ ಅನ್ನುವುದು ಈ ಸಾಲಿನ ಕೊಟ್ಟಕೊನೆಯ ಕೆಲಸ. ನೀವು ಕೈ ಹಾಕಲು ಹೊರಟಿರುವುದು ಸಾಲಿನ ಮೊದಲ ತುದಿಗೆ.

ಏರ್‌ಬ್ಯಾಗ್ ಕಂಪ್ಯೂಟರ್‌ಗೆ ಈ ಸುದ್ದಿ ಯಾಕೆ ಬೇಕು? ಬೆಲ್ಟ್ ಹಾಕಿದವರನ್ನು ಹಿಡಿದುಕೊಳ್ಳುವ ಅರ್ಧ ಕೆಲಸ ಬೆಲ್ಟೇ ಮಾಡುತ್ತದೆ, ಹಾಕದವರಿಗೆ ಏರ್‌ಬ್ಯಾಗ್ ಬೇಗ ಬೇಕು. ಹಾಗಾಗಿ ಕೆಲವು ಕಾರುಗಳಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಮಿತಿ ಇಬ್ಬರಿಗೂ ಬೇರೆ ಬೇರೆ ಇರುತ್ತದೆ. ಗಟ್ಟಿ ಗೋಡೆಗೆ ಗುದ್ದಿದ ಲೆಕ್ಕದಲ್ಲಿ ಹೇಳುವುದಾದರೆ ಬೆಲ್ಟ್ ಹಾಕದವರಿಗೆ ಗಂಟೆಗೆ ಸುಮಾರು 16ರಿಂದ 19 ಕಿಮೀ, ಹಾಕಿದವರಿಗೆ ಸುಮಾರು 26 ಕಿಮೀ. ಎರಡು ಹಂತದಲ್ಲಿ ಉಬ್ಬುವ ಏರ್‌ಬ್ಯಾಗ್ ಇದ್ದರೆ ಎಷ್ಟು ಜೋರಾಗಿ ಉಬ್ಬಬೇಕು ಎನ್ನುವುದಕ್ಕೂ ಇದೇ ಸುದ್ದಿ ಬಳಕೆಯಾಗುತ್ತದೆ. ಈಗ ವೈರ್ ಸೇರಿಸಿ, ಬೆಲ್ಟ್ ಇಲ್ಲದೆ ಕೂತಿದ್ದೀರಿ ಅಂದುಕೊಳ್ಳಿ. 22 ಕಿಮೀ ವೇಗದಲ್ಲಿ ಗುದ್ದಿತು. "ಬೆಲ್ಟ್ ಹಾಕಿದ್ದಾರೆ, ಏರ್‌ಬ್ಯಾಗ್ ಬೇಕಾಗಿಲ್ಲ" ಎಂದು ಕಂಪ್ಯೂಟರ್ ಸುಮ್ಮನಿರುತ್ತದೆ. ಬೆಲ್ಟೂ ಇಲ್ಲ, ಬ್ಯಾಗೂ ಇಲ್ಲ, ಎದೆ ನೇರ ಸ್ಟಿಯರಿಂಗ್‌ಗೆ. ಬೀಪ್ ನಿಲ್ಲಿಸಲು ಹೋಗಿ ನೀವು ಬದಲಾಯಿಸಿದ್ದು ಇದನ್ನು.

ಇನ್ನು ಆ ಎರಡು ವೈರ್‌ಗಳೂ ನೀವು ಅಂದುಕೊಂಡಷ್ಟು ಸರಳವಲ್ಲ. ಕೆಲವು ಕಾರುಗಳಲ್ಲಿ ಬಕಲ್ ಒಳಗೆ ಬರೀ ಆನ್-ಆಫ್ ಸ್ವಿಚ್ ಇರುವುದಿಲ್ಲ, ರೆಸಿಸ್ಟರ್‌ಗಳೂ ಇರುತ್ತವೆ. ಕರೆಂಟಿಗೆ ಅವು ಒಡ್ಡುವ ತಡೆ (ಓಮ್ ಲೆಕ್ಕ) ಬೆಲ್ಟ್ ಹಾಕಿದಾಗ ಒಂದು ಅಳತೆ, ತೆಗೆದಾಗ ಇನ್ನೊಂದು ಅಳತೆ. ಕೆಲವದರಲ್ಲಿ ಆಯಸ್ಕಾಂತವನ್ನು ಗ್ರಹಿಸುವ ಹಾಲ್ ಸೆನ್ಸರ್ ಇರುತ್ತದೆ, ಅದು ತನ್ನ ಮೂಲಕ ಹರಿಯುವ ಕರೆಂಟನ್ನೇ ಕೆಲವು ಮಿಲಿಆಂಪ್ ಹೆಚ್ಚು ಕಡಿಮೆ ಮಾಡಿ ಸುದ್ದಿ ಹೇಳುತ್ತದೆ. ಅಂಥ ಕಡೆ ಎರಡು ವೈರ್ ಸೇರಿಸಿದರೆ ಅದು "ಹಾಕಿದೆ" ಅಂತಲೂ ಅಲ್ಲ, "ತೆಗೆದಿದೆ" ಅಂತಲೂ ಅಲ್ಲ, "ಶಾರ್ಟ್ ಆಗಿದೆ" ಅಂತ ಓದಿಕೊಳ್ಳುತ್ತದೆ. ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ. ಆ ದೀಪ ಹತ್ತಿರುವ ಕಾರಿನಲ್ಲಿ ಏರ್‌ಬ್ಯಾಗ್ ಕೆಲಸ ಮಾಡುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇನ್ನೊಂದು. ಬಹಳ ಕಾರುಗಳಲ್ಲಿ ಬಕಲ್‌ನ ಬುಡದಲ್ಲೇ ಪ್ರಿಟೆನ್ಷನರ್ ಇರುತ್ತದೆ. ಅಪಘಾತದ ಕ್ಷಣದಲ್ಲಿ ಪುಟ್ಟ ಮದ್ದು ಸಿಡಿಸಿ ಬೆಲ್ಟನ್ನು ಬಿಗಿಯಾಗಿ ಎಳೆಯುವ ಸಾಧನ ಅದು. ಅದರ ವೈರ್ ಕೂಡ ಅದೇ ಸೀಟಿನ ಕೆಳಗೆ, ಕೆಲವೊಮ್ಮೆ ಅದೇ ಕಟ್ಟಿನಲ್ಲಿ ಬರುತ್ತದೆ. ಒಂದು ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್ ಎರಡು ಮಿಲಿಸೆಕೆಂಡ್ ಹರಿದರೆ ಸಾಕು, ಅದು ಸಿಡಿಯುವಂತೆ ಮಾಡಿರುತ್ತಾರೆ. ಸಾಮಾನ್ಯವಾಗಿ ಹಳದಿ ಕನೆಕ್ಟರ್ ಅಥವಾ ಹಳದಿ ಕವಚ ಇರುತ್ತದೆ. ಹಳದಿ ಕಂಡರೆ ಮಲ್ಟಿಮೀಟರ್ ಮುಳ್ಳು ಚುಚ್ಚಬೇಡಿ, ಟೆಸ್ಟ್ ಲ್ಯಾಂಪ್ ಅಂತೂ ಹತ್ತಿರಕ್ಕೂ ತರಬೇಡಿ. ಬ್ಯಾಟರಿ ಕಳಚಿದ ತಕ್ಷಣವೂ ನಂಬಬೇಡಿ, ಏರ್‌ಬ್ಯಾಗ್ ಕಂಪ್ಯೂಟರ್ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಎಷ್ಟು ಹೊತ್ತು ಕಾಯಬೇಕು ಎಂದು ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿ ಬರೆದಿರುತ್ತದೆ, ಅಷ್ಟು ಹೊತ್ತು ಕಾಯಲೇಬೇಕು.

ಒಮ್ಮೆ ನನ್ನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂತು. ಏರ್‌ಬ್ಯಾಗ್ ದೀಪ ಆಗಾಗ ಹತ್ತಿ ಆರುತ್ತಿತ್ತು. ಸೀಟ್ ಬಿಚ್ಚಿ ನೋಡಿದರೆ ಬಕಲ್‌ನ ಎರಡು ವೈರ್ ತಿರುಚಿ ಟೇಪ್ ಸುತ್ತಿದ್ದರು, ಟೇಪ್ ಬಿಸಿಲಿಗೆ ಕರಗಿ ಜಾರಿತ್ತು. ಹಿಂದಿನ ಮಾಲೀಕರು ಮಾಡಿಸಿದ್ದು. ಈಗಿನವರಿಗೆ ಗೊತ್ತೇ ಇರಲಿಲ್ಲ, ಮನೆಯವರೆಲ್ಲ ಅದೇ ಕಾರಿನಲ್ಲಿ ಓಡಾಡುತ್ತಿದ್ದರು. ಯಾರಾದರೂ ಬೆಲ್ಟ್ ಮರೆತರೂ ಕಾರು ಹೇಳುತ್ತಿರಲಿಲ್ಲ. ಅವತ್ತಿನಿಂದ ನಾನು ಈ ಕೆಲಸ ಯಾರೇ ಕೇಳಿದರೂ ಮಾಡಿಕೊಡುವುದಿಲ್ಲ. ನಿಮ್ಮ ಕಾರು ನಾಳೆ ಇನ್ಯಾರದೋ ಕೈಗೆ ಹೋಗುತ್ತದೆ ಅಲ್ವಾ?

ಬಕಲ್‌ಗೆ ಸಿಕ್ಕಿಸುವ ಬರೀ ಕ್ಲಿಪ್ ಸಿಗುತ್ತದಲ್ಲ, ಅದೂ ಇದೇ ಸುಳ್ಳನ್ನೇ ಹೇಳುತ್ತದೆ, ವೈರ್ ಕತ್ತರಿಸದೆ ಹೇಳುತ್ತದೆ ಅಷ್ಟೇ. ಬೆಲ್ಟನ್ನು ಬೆನ್ನ ಹಿಂದೆ ಹಾಕಿ ಸಿಕ್ಕಿಸಿಕೊಳ್ಳುವುದೂ ಅದೇ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ಲೆಕ್ಕದ ಪ್ರಕಾರ ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿದವರಿಗೆ ಸಾವಿನ ಅಪಾಯ ಶೇಕಡ 45ರಷ್ಟು ಕಡಿಮೆ. ಬೆನ್ನ ಹಿಂದಿರುವ ಬೆಲ್ಟ್ ಈ ಲೆಕ್ಕಕ್ಕೆ ಬರುವುದಿಲ್ಲ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ಬೆಲ್ಟ್ ಹಾಕಿದ್ದರೂ ಕೂಗುತ್ತದೆ ಅಂದಿರಿ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಈ ಸಾಲು. ಇದು ಕಾಟವಲ್ಲ, ರಿಪೇರಿ ಮಾಡಬೇಕಾದ ದೋಷ. ಬೆಲ್ಟ್ ಹಾಕಿದ್ದೀರಿ ಅನ್ನುವುದೇ ಏರ್‌ಬ್ಯಾಗ್ ಕಂಪ್ಯೂಟರ್‌ಗೆ ಆಗಾಗ ಮರೆತುಹೋಗುತ್ತಿರಬಹುದು.

ಮೊದಲು ಯಾವ ಸೀಟಿಗೆ ಕೂಗುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಎಷ್ಟೋ ಸಲ ಡ್ರೈವರ್ ಬೆಲ್ಟ್ ಸರಿಯಾಗೇ ಇರುತ್ತದೆ, ಪಕ್ಕದ ಸೀಟಿನ ತೂಕದ ಸೆನ್ಸರ್ ಖಾಲಿ ಸೀಟಿನಲ್ಲಿ ಯಾರೋ ಇದ್ದಾರೆ ಅಂದುಕೊಳ್ಳುತ್ತಿರುತ್ತದೆ. ಮೀಟರ್ ಬೋರ್ಡ್‌ನ ದೀಪ ನೋಡಿ, ಎರಡು ಸೀಟಿಗೂ ಬೇರೆ ಬೇರೆ ದೀಪ ಇದ್ದರೆ ಸುಲಭ. ಒಂದೇ ದೀಪ ಇದ್ದರೆ ಖಾಲಿ ಸೀಟಿನ ಬೆಲ್ಟನ್ನೂ ಸಿಕ್ಕಿಸಿ ಎರಡು ದಿನ ಓಡಿಸಿ. ಬೀಪ್ ನಿಂತರೆ ತಪ್ಪು ಪಕ್ಕದ ಸೀಟಿನದು, ನಿಲ್ಲದಿದ್ದರೆ ನಿಮ್ಮದು. ನೋಡಿಯಾದ ಮೇಲೆ ಆ ಬೆಲ್ಟ್ ಬಿಚ್ಚಿಡಲು ಮರೆಯಬೇಡಿ, ಇಲ್ಲದಿದ್ದರೆ ಮುಂದೆ ಬಂದು ಕೂರುವವರು ಅದರ ಮೇಲೇ ಕೂರುತ್ತಾರೆ.

ನಿಮ್ಮದೇ ಬಕಲ್ ಅಂತ ಗೊತ್ತಾದರೆ, ಒಳಗೆ ಟಾರ್ಚ್ ಬಿಟ್ಟು ನೋಡಿ. ಬಕಲ್ ಬಾಯಿ ಮೇಲಕ್ಕೆ ತೆರೆದಿರುತ್ತದೆ, ಬಿದ್ದದ್ದೆಲ್ಲ ಅದರೊಳಗೇ ಹೋಗುತ್ತದೆ. ತಿಂಡಿಯ ಚೂರು, ನಾಣ್ಯ, ಕಾಗದದ ತುಂಡು, ಕೂದಲು ಏನೆಲ್ಲ ತೆಗೆದಿದ್ದೇನೆ. ಸಕ್ಕರೆ ಹಾಕಿದ ಪಾನೀಯ ಚೆಲ್ಲಿದ್ದರಂತೂ ಅದು ಒಣಗಿ ಅಂಟಾಗಿ, ಒಳಗಿನ ಚಿಕ್ಕ ಪ್ಲಾಸ್ಟಿಕ್ ಭಾಗ ಪೂರ್ತಿ ಹಿಂದಕ್ಕೆ ಹೋಗದೆ ನಿಲ್ಲುತ್ತದೆ. ಬೆಲ್ಟ್ ಲಾಕ್ ಆದಂತೆ ಕಾಣುತ್ತದೆ, ಸ್ವಿಚ್ ಮಾತ್ರ ಒತ್ತಿರುವುದಿಲ್ಲ. ವ್ಯಾಕ್ಯೂಮ್ ಹಿಡಿದು ಎಳೆಯಿರಿ, ನಂತರ ಗಾಳಿ ಊದಿ. ಎಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಯಾವುದನ್ನೂ ಹಾಕಬೇಡಿ. ಒಂದು ವಾರ ಚೆನ್ನಾಗಿ ಕೆಲಸ ಮಾಡುತ್ತದೆ, ಆಮೇಲೆ ಧೂಳು ಹಿಡಿದು ಮೊದಲಿಗಿಂತ ಕೆಡುತ್ತದೆ. ಸಿಕ್ಕಿಸುವಾಗ ಕಟ್ ಎಂಬ ಸದ್ದು ಸರಿಯಾಗಿ ಬರುತ್ತಿಲ್ಲ, ಎಳೆದರೆ ಬಿಟ್ಟುಕೊಳ್ಳುತ್ತದೆ ಅಂತಿದ್ದರೆ ಸ್ವಚ್ಛ ಮಾಡುವ ಮಾತೇ ಬೇಡ, ಬಕಲ್ ಬದಲಾಯಿಸಬೇಕು. ಬಕಲ್ ಬಿಚ್ಚಿ ರಿಪೇರಿ ಮಾಡುವ ವಸ್ತುವಲ್ಲ.

ಬಕಲ್ ಸ್ವಚ್ಛವಾಗಿದ್ದೂ ಕೂಗಿದರೆ ಸೀಟಿನ ಕೆಳಗೆ ನೋಡಿ. ಸೀಟ್ ಹಿಂದೆ ಮುಂದೆ ಸರಿಯುವಾಗ ಅಲ್ಲಿನ ವೈರ್ ಕೂಡ ಬಾಗುತ್ತದೆ, ಉಜ್ಜುತ್ತದೆ, ಕಾಲಡಿಯ ನೀರಿಗೆ ಕನೆಕ್ಟರ್ ಒಳಗೆ ಕಿಲುಬು ಹಿಡಿಯುತ್ತದೆ. ಗಾಡಿ ಗುಂಡಿಗೆ ಇಳಿದಾಗ, ಸೀಟ್ ಸರಿಸಿದಾಗ, ತಿರುವಿನಲ್ಲಿ ಮೈ ವಾಲಿದಾಗ ಮಾತ್ರ ಬೀಪ್ ಬರುತ್ತದೆ ಅಂದರೆ ಹೆಚ್ಚುಕಡಿಮೆ ಇಲ್ಲೇ ಲೂಸ್ ಕಾಂಟ್ಯಾಕ್ಟ್ ಇರುತ್ತದೆ. ಕಣ್ಣಲ್ಲಿ ನೋಡಿ, ಮುಟ್ಟಬೇಡಿ. ಇಗ್ನಿಷನ್ ಆನ್ ಇದ್ದಾಗ ಸೀಟಿನ ಕೆಳಗಿನ ಕನೆಕ್ಟರ್ ಎಳೆದು ನೋಡುವ ಅಭ್ಯಾಸ ಬಹಳ ಜನಕ್ಕಿದೆ. ಹಾಗೆ ಎಳೆದರೆ ಏರ್‌ಬ್ಯಾಗ್ ಕಂಪ್ಯೂಟರ್ ದೋಷವನ್ನು ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಸಿಕ್ಕಿಸಿದ ಮೇಲೂ ದೀಪ ಆರದೆ ಇರಬಹುದು.

ನಿಮಗೆ ಒಳ್ಳೆಯ ಆಯುಧ ಮಲ್ಟಿಮೀಟರ್ ಅಲ್ಲ, ಕಾರಿನ ಕಂಪ್ಯೂಟರ್‌ಗಳಿಗೆ ಜೋಡಿಸಿ ಅವುಗಳ ಮಾಹಿತಿ ಓದುವ ಸ್ಕ್ಯಾನರ್. ಎಂಜಿನ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಸಾಲದು, ಏರ್‌ಬ್ಯಾಗ್ ವಿಭಾಗವನ್ನೂ ಓದುವಂಥದ್ದು ಬೇಕು. ಅದರಲ್ಲಿ ಲೈವ್ ಡೇಟಾ ತೆರೆದರೆ ಬಕಲ್ ಹಾಕಿದೆಯೋ ತೆಗೆದಿದೆಯೋ, ಪಕ್ಕದ ಸೀಟ್ ಖಾಲಿಯೋ ತುಂಬಿದೆಯೋ ಅಂತ ಅಲ್ಲೇ ಕಾಣುತ್ತದೆ. ಒಬ್ಬರು ಪರದೆ ನೋಡುತ್ತಿರಲಿ, ಇನ್ನೊಬ್ಬರು ಬೆಲ್ಟ್ ಹಾಕಿ ಅಲ್ಲಾಡಿಸಲಿ, ಸೀಟ್ ಸರಿಸಲಿ. ಐದು ನಿಮಿಷದಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಒಂದು ವೈರನ್ನೂ ಕತ್ತರಿಸಬೇಕಾಗಿಲ್ಲ.

ಬ್ಯಾಗ್ ವಿಷಯ ಸುಲಭ. ಸೀಟಿನ ಬಟ್ಟೆಯ ಕೆಳಗೆ ಒತ್ತಡ ತಿಳಿಯುವ ಹಾಳೆ ಇರುತ್ತದೆ, ಅಥವಾ ದ್ರವ ತುಂಬಿದ ಚೀಲ, ಅಥವಾ ಸೀಟಿನ ಕಾಲುಗಳಲ್ಲಿ ತೂಕದ ಸೆನ್ಸರ್. ಕೆಲವು ಬರೀ ಬೀಪ್‌ಗಾಗಿ, ಕೆಲವು ಮಗುವೋ ದೊಡ್ಡವರೋ ಎಂದು ಅಳೆದು ಆ ಕಡೆಯ ಏರ್‌ಬ್ಯಾಗ್ ಬೇಕೋ ಬೇಡವೋ ಎಂದು ತೀರ್ಮಾನಿಸಲು. ಹೊರಗಿನಿಂದ ನೋಡಿ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ. ಹಾಗಾಗಿ ಆ ಕನೆಕ್ಟರ್ ಕಳಚುವ ಯೋಚನೆಯನ್ನೂ ಬಿಡಿ. ಬ್ಯಾಗನ್ನು ಕೆಳಗೆ ಕಾಲಿಡುವ ಜಾಗದಲ್ಲಿ ಅಥವಾ ಡಿಕ್ಕಿಯಲ್ಲಿ ಇಡಿ. ಸೀಟಿನ ಮೇಲೇ ಇಡಬೇಕು ಅಂದರೆ ಬೆಲ್ಟನ್ನು ಬ್ಯಾಗ್ ಸುತ್ತ ಹಾಕಿ ಸಿಕ್ಕಿಸಿ. ಇದು ಸುಳ್ಳಲ್ಲ, ನಿಜವಾಗಿ ಬ್ಯಾಗನ್ನೇ ಕಟ್ಟಿದ್ದೀರಿ. 50 ಕಿಮೀ ವೇಗ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್, 10 ಮೀಟರ್ ಎತ್ತರದಿಂದ ಬಿದ್ದಾಗ ಸಿಗುವ ವೇಗ ಅದು. ಆ ವೇಗದಲ್ಲಿ ಗಾಡಿ ನಿಂತು ಬ್ಯಾಗ್ ಮಾತ್ರ ನಿಲ್ಲದಿದ್ದರೆ ಏನಾಗುತ್ತದೆ ಎಂದು ನೀವೇ ಊಹಿಸಿ. ಹಿಂದಿನ ಸೀಟಿನಲ್ಲಿ ಮಗುವಿನ ಸೀಟನ್ನು ಐಸೋಫಿಕ್ಸ್ ಕೊಂಡಿಗೆ (ಬೆಲ್ಟ್ ಇಲ್ಲದೆ ಮಗುವಿನ ಸೀಟ್ ಸಿಕ್ಕಿಸಲು ಕಾರಿನಲ್ಲೇ ಇರುವ ಲೋಹದ ಕೊಂಡಿ) ಹಾಕಿದಾಗಲೂ ಕೆಲವು ಕಾರು ಹೀಗೇ ಕೂಗುತ್ತವೆ. ಕಾರಿನ ಪುಸ್ತಕ ಒಪ್ಪುವುದಾದರೆ ಮೊದಲು ಬೆಲ್ಟ್ ಸಿಕ್ಕಿಸಿ, ಆಮೇಲೆ ಅದರ ಮುಂದೆ ಮಗುವಿನ ಸೀಟ್ ಕೂರಿಸಿದರೆ ಮುಗಿಯಿತು.

ಗೇಟ್ ಹತ್ತಿರದ ಬೀಪ್ ಬಗ್ಗೆ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಈ ಸಿಟ್ಟು ಹೊಸದೇನೂ ಅಲ್ಲ. ಅಮೆರಿಕದಲ್ಲಿ 1974ರ ಮಾಡೆಲ್ ಕಾರುಗಳಲ್ಲಿ ಮುಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೆ ಗಾಡಿ ಸ್ಟಾರ್ಟೇ ಆಗದಂತೆ ಮಾಡಿದ್ದರು. ಸೀಟಿನ ಮೇಲೆ ಸಾಮಾನಿನ ಚೀಲ ಇಟ್ಟರೂ ಗಾಡಿ ಏಳುತ್ತಿರಲಿಲ್ಲ. ಜನ ರೇಗಿದರು, ವೈರ್ ಕಿತ್ತರು, ಕೊನೆಗೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತು ಆ ಕಡ್ಡಾಯವನ್ನು ತೆಗೆದುಹಾಕಿತು. ಅಷ್ಟೇ ಅಲ್ಲ, ಎಂಟು ಸೆಕೆಂಡ್‌ಗಿಂತ ಹೆಚ್ಚು ಕೂಗುವ ಬಜರ್ ಹಾಕಿಸಲು ಸರ್ಕಾರ ಒತ್ತಾಯಿಸಬಾರದು ಅಂತಲೂ ಮಾಡಿತು. ಆ ಕಟ್ಟು ಸಡಿಲವಾಗಿದ್ದು 2012ರಲ್ಲಿ. ಜನಕ್ಕೆ ಕಿರಿಕಿರಿ ಜಾಸ್ತಿಯಾದರೆ ಸುರಕ್ಷತೆಯೇ ಹಾಳಾಗುತ್ತದೆ ಎಂದು ಕಾರು ಮಾಡುವವರು 1974ರ ಆ ಗಲಾಟೆಯಿಂದ ಕಲಿತರು. ಅದಕ್ಕೇ ಈಗಿನ ಬೀಪ್ ಹಂತಹಂತವಾಗಿ ಬರುತ್ತದೆ. ಬಹಳ ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 16ನೇ ನಿಯಮದಲ್ಲಿ ಜೋರು ಬೀಪ್ ಎರಡನೇ ಹಂತ. ವೇಗ 25 ಕಿಮೀ ದಾಟುವುದು, ಇಲ್ಲವೇ 500 ಮೀಟರ್ ಓಡುವುದು, ಇಲ್ಲವೇ 60 ಸೆಕೆಂಡ್ ಆಗುವುದು, ಇವುಗಳಲ್ಲಿ ಒಂದನ್ನು ಕಾರು ಕಂಪನಿ ಮಿತಿಯಾಗಿ ಇಟ್ಟುಕೊಳ್ಳಬಹುದು, ಅದಕ್ಕಿಂತ ತಡ ಮಾಡುವಂತಿಲ್ಲ. ನಿಮ್ಮ ಕಾರು ಯಾವ ಲೆಕ್ಕದಲ್ಲಿ ಕೂಗುತ್ತದೆ ಎಂದು ಒಂದು ದಿನ ಗಮನಿಸಿ. ವೇಗದ ಲೆಕ್ಕವಾದರೆ ಗೇಟಿನವರೆಗೆ ನಿಧಾನವಾಗಿ ಹೋದರೆ ಬರೀ ದೀಪ ಹತ್ತುತ್ತದೆ. ಆಟೊಮ್ಯಾಟಿಕ್ ಗಾಡಿಯಾದರೆ ಪಾರ್ಕ್‌ಗೆ ಹಾಕಿದಾಗ ಬಹಳಷ್ಟು ಸುಮ್ಮನಾಗುತ್ತವೆ. ಹೇಗೂ ಇಳಿಯುವಾಗ ಪಾರ್ಕ್, ಹ್ಯಾಂಡ್‌ಬ್ರೇಕ್ ಎರಡೂ ಹಾಕಲೇಬೇಕಲ್ಲ.

ಸದ್ದು ಮೆತ್ತಗೆ ಮಾಡುವ ಪ್ರಶ್ನೆಗೆ, ಮೊದಲು ಮೀಟರ್ ಬೋರ್ಡ್ ಅಥವಾ ಟಚ್‌ಸ್ಕ್ರೀನ್‌ನ ಸೆಟ್ಟಿಂಗ್ಸ್‌ನಲ್ಲಿ ಎಚ್ಚರಿಕೆ ಸದ್ದಿನ ಮಟ್ಟ ಹುಡುಕಿ. ಎಷ್ಟೋ ಕಾರುಗಳಲ್ಲಿ ಇದೆ, ನೋಡಿರುವುದಿಲ್ಲ ಅಷ್ಟೇ. ಕೆಲವು ಕಂಪನಿಗಳು ಪದೇ ಪದೇ ಬರುವ ಬೀಪನ್ನು ನಿಲ್ಲಿಸುವ ಕ್ರಮವನ್ನು ಕಾರಿನ ಪುಸ್ತಕದಲ್ಲೇ ಕೊಟ್ಟಿದ್ದವು, ಫೋರ್ಡ್‌ನ ಬೆಲ್ಟ್‌ಮೈಂಡರ್ ಅಂಥದ್ದು. ಅದರಲ್ಲಿ ಬದಲಾಗುವುದು ಕೂಗುವ ತುದಿ ಮಾತ್ರ, ಏರ್‌ಬ್ಯಾಗ್‌ಗೆ ಹೋಗುವ ಸುದ್ದಿ ನಿಜವಾಗೇ ಉಳಿಯುತ್ತದೆ, ಬಕಲ್ ವೈರ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಆದರೂ ನಿಮ್ಮಲ್ಲಿ ಬೀಪ್ ಕಾನೂನಿನ ಪ್ರಕಾರ ಕಡ್ಡಾಯವಾಗಿದ್ದರೆ ಅದನ್ನು ಪೂರ್ತಿ ನಿಲ್ಲಿಸುವುದು ತಪ್ಪು. ಮೀಟರ್ ಬೋರ್ಡ್ ಬಿಚ್ಚಿ ಒಳಗಿನ ಸ್ಪೀಕರ್‌ಗೆ ಟೇಪ್ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಬಾಗಿಲು ತೆರೆದಿದೆ, ಎಂಜಿನ್ ಬಿಸಿಯಾಗಿದೆ, ಆಯಿಲ್ ಒತ್ತಡ ಇಲ್ಲ ಅನ್ನುವುದೂ ಅದೇ ಸ್ಪೀಕರ್‌ನಲ್ಲಿ ಬರುತ್ತದೆ. ಇಂಡಿಕೇಟರ್‌ನ ಟಿಕ್ ಟಿಕ್ ಕೂಡ ಎಷ್ಟೋ ಕಾರುಗಳಲ್ಲಿ ಅದರದೇ.

ಇನ್ನು ಅಪ್ಪನ ಕಾರು. ಈ ಪ್ರಶ್ನೆ ಓದಿ ಬಹಳ ಖುಷಿಯಾಯಿತು, ನಿಮ್ಮ ಸೋಲ್ಡರಿಂಗ್ ಕೈಗೆ ತಕ್ಕ ಕೆಲಸ ಇದು. ಏರ್‌ಬ್ಯಾಗೂ ಪ್ರಿಟೆನ್ಷನರೂ ಇಲ್ಲದ ಹಳೇ ಕಾರು ಅಂತ ಖಾತ್ರಿ ಮಾಡಿಕೊಂಡು ಮುಂದುವರಿಯಿರಿ. ಡ್ರೈವರ್ ಸೀಟಿಗೆ ಮಾತ್ರ ಸಾಕಾದರೆ ತೂಕದ ಸೆನ್ಸರ್ ಬೇಡವೇ ಬೇಡ, ಇಗ್ನಿಷನ್ ಆನ್ ಆಗಿದೆ ಅಂದರೆ ಡ್ರೈವರ್ ಕೂತಿದ್ದಾರೆ ಅಂತಲೇ ಲೆಕ್ಕ. ಇಗ್ನಿಷನ್ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಒಂದು ಫ್ಯೂಸ್ ಜಾಗದಿಂದ ಲೈನ್ ತೆಗೆಯಿರಿ, ಅಲ್ಲೇ 1 ಆಂಪಿಯರ್‌ನ ಬೇರೆ ಫ್ಯೂಸ್ ಹಾಕಿ. ಅಲ್ಲಿಂದ 12 ವೋಲ್ಟ್‌ನ ಪೀಜೋ ಬಜರ್, ಬಜರ್‌ನಿಂದ ಬಕಲ್ ಸ್ವಿಚ್, ಸ್ವಿಚ್‌ನಿಂದ ಕಾರಿನ ಲೋಹದ ಮೈಗೆ ಅರ್ತ್. ಬೆಲ್ಟ್ ತೆಗೆದಾಗ ಸ್ವಿಚ್ ಕೂಡಿಕೊಂಡಿರಬೇಕು, ಹಾಕಿದಾಗ ಬಿಡಬೇಕು. ಕೆಲವು ಬಕಲ್ ಇದಕ್ಕೆ ಉಲ್ಟಾ ಇರುತ್ತವೆ, ಕೂರಿಸುವ ಮೊದಲು ಮೇಜಿನ ಮೇಲಿಟ್ಟು ಮಲ್ಟಿಮೀಟರ್‌ನಲ್ಲಿ ನೋಡಿ. ಉಲ್ಟಾ ಇದ್ದರೆ ನಡುವೆ ಒಂದು ರಿಲೇ (ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್) ಬೇಕು.

ಈಗಿರುವ ಬಕಲ್‌ಗೆ ತೂತು ಕೊರೆದು ಸ್ವಿಚ್ ತುರುಕಬೇಡಿ. ಅದೇ ಕಾರಿಗೆ ಹೊಂದುವ, ಸ್ವಿಚ್ ಇರುವ ಬೆಲ್ಟ್ ಸೆಟ್ ಸಿಕ್ಕರೆ ಪೂರ್ತಿ ಸೆಟ್ಟೇ ತೆಗೆದುಕೊಳ್ಳಿ. ಒಂದು ಕಂಪನಿಯ ಬಕಲ್‌ಗೆ ಇನ್ನೊಂದರ ಲೋಹದ ನಾಲಿಗೆ ಕೂತಂತೆ ಕಂಡರೂ ಭಾರ ಬಿದ್ದಾಗ ಹಿಡಿಯುತ್ತದೆ ಅಂತ ನಂಬುವಂತಿಲ್ಲ. ಬೆಲ್ಟ್ ಬೋಲ್ಟ್ ಕೂಡ ಮಾಮೂಲಿ ಬೋಲ್ಟ್ ಅಲ್ಲ, ಸೆಟ್ ಜೊತೆ ಬಂದಿದ್ದನ್ನೇ ಹಾಕಿ, ಟಾರ್ಕ್ ರೆಂಚ್‌ನಲ್ಲಿ ಪುಸ್ತಕದಲ್ಲಿರುವಷ್ಟೇ ಬಿಗಿ ಮಾಡಿಸಿ.

ಬಜರ್ ಎಡೆಬಿಡದೆ ಕೂಗಿದರೆ ಅಪ್ಪನಿಗೂ ನಿಮ್ಮ ಹಾಗೆಯೇ ತಲೆ ಕೆಡುತ್ತದೆ. 555 ಟೈಮರ್ ಐಸಿ (ಸಮಯದ ಲೆಕ್ಕದಲ್ಲಿ ಆನ್-ಆಫ್ ಮಾಡುವ ಪುಟ್ಟ ಚಿಪ್) ಹಾಕಿ ಒಂದು ಸೆಕೆಂಡ್ ಕೂಗು, ಎರಡು ಸೆಕೆಂಡ್ ಬಿಡುವು ಮಾಡಿ. ಗಾಡಿ ಓಡುವಾಗ ವೋಲ್ಟೇಜ್ 14ರ ಮೇಲೆ ಹೋಗುತ್ತದೆ, ಆಗಾಗ ಅದಕ್ಕಿಂತ ಬಹಳ ಜೋರಾದ ಏಟೂ ಬರುತ್ತದೆ, ಹಾಗಾಗಿ ಐಸಿ ಮುಂದೆ ಒಂದು ರೆಸಿಸ್ಟರ್, ಗಾಡಿಗಳಿಗೆಂದೇ ಇರುವ ಸರ್ಜ್ ತಡೆಯುವ ಡಯೋಡ್ ಇರಲಿ. ಹ್ಯಾಂಡ್‌ಬ್ರೇಕ್ ಎಳೆದಾಗ ಬೀಪ್ ನಿಲ್ಲಲಿ ಅಂತ ಕೆಲವರು ಹ್ಯಾಂಡ್‌ಬ್ರೇಕ್ ದೀಪದ ವೈರ್‌ಗೆ ಸೇರಿಸುತ್ತಾರೆ. ಬೇಡ, ಬ್ರೇಕ್ ಆಯಿಲ್ ಕಡಿಮೆಯಾದಾಗ ಹತ್ತುವುದೂ ಬಹಳ ಕಾರುಗಳಲ್ಲಿ ಅದೇ ದೀಪ. ಬೇಕಾದರೆ ಹ್ಯಾಂಡ್‌ಬ್ರೇಕ್ ಲಿವರ್ ಬುಡಕ್ಕೆ ಬೇರೆಯದೇ ಒಂದು ಮೈಕ್ರೋಸ್ವಿಚ್ ಕೂರಿಸಿ.

ಸೀಟಿನ ಕೆಳಗಿನ ವೈರ್‌ಗೆ ಸುರುಳಿ ಪೈಪ್ ಹಾಕಿ, ಸ್ವಲ್ಪ ಸಡಿಲ ಬಿಡಿ, ಸೀಟನ್ನು ಪೂರ್ತಿ ಮುಂದೆ ಒಮ್ಮೆ, ಪೂರ್ತಿ ಹಿಂದೆ ಒಮ್ಮೆ ಸರಿಸಿ ಎಲ್ಲೂ ಸಿಕ್ಕಿಕೊಳ್ಳುತ್ತಿಲ್ಲ ಅಂತ ನೋಡಿ. ಬಜರನ್ನು ಡ್ಯಾಶ್‌ಬೋರ್ಡ್ ಕೆಳಗೆ ಅಂಟಿಸುವ ಮೊದಲು ಅಪ್ಪನನ್ನೇ ಸೀಟಿನಲ್ಲಿ ಕೂರಿಸಿ, ಎಂಜಿನ್ ಸ್ಟಾರ್ಟ್ ಮಾಡಿಸಿ, ಕಿಟಕಿ ಇಳಿಸಿ, ಫ್ಯಾನ್ ಜೋರು ಮಾಡಿಸಿ ಕೇಳಿಸುತ್ತದಾ ಅಂತ ಕೇಳಿ. ವಯಸ್ಸಾದವರಿಗೆ ತೀರಾ ಕೀರಲು ಸದ್ದು ಕೇಳಿಸುವುದು ಕಷ್ಟ, ಸ್ವಲ್ಪ ದಪ್ಪ ದನಿಯ ಬಜರ್ ಆರಿಸಿ.